ಒಂದೇ ಸುತ್ತು ಹನ್ನೆರಡು ನಿಮಿಷ ತಿರುಗಿದರೂ ಕಾಲು ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಾನು ಚಿಕ್ಕವನಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತಿದ್ದೆ. ಕರ್ನಾಟಕ ಸಂಗೀತ, ಹಳೇ ಚಿತ್ರಗೀತೆ ಬಿಟ್ಟರೆ ಬೇರೇನೂ ಕೇಳಿದವನಲ್ಲ. ಮೊನ್ನೆ ಅಕ್ಕನ ಮಗ ಫೋನಿನಲ್ಲಿ ನೈಜೀರಿಯಾದ ಫೆಲಾ ಕುಟಿ ಅನ್ನುವವರ ‘ಝಾಂಬಿ’ ಹಾಕಿ ಕೇಳಿಸಿದ. ಹನ್ನೆರಡು ನಿಮಿಷದ ಹಾಡು. ಬಾಯಿಬಿಟ್ಟು ಹಾಡುವುದೇ ಎಷ್ಟೋ ಹೊತ್ತಿನ ಮೇಲೆ. ಅಲ್ಲಿಯವರೆಗೂ ಒಂದೇ ಸುತ್ತು ತಿರುಗುತ್ತಾ ಇರುತ್ತದೆ. ನನಗೆ ಬೇಜಾರಾಗಬೇಕಿತ್ತು, ಆದರೆ ಕಾಲು ನಿಲ್ಲಲಿಲ್ಲ. ‘ಸೋಲ್ ಜಾಝ್‌ನಿಂದ ಶುರು ಮಾಡಿ ಮಾವ, ಆಮೇಲೆ ಫಂಕ್, ಆಮೇಲೆ ಆಫ್ರಿಕಾ’ ಅಂದ. ಇವೆಲ್ಲ ಒಂದೇನಾ, ಬೇರೆ ಬೇರೆಯಾ? ಎಲ್ಲಿಂದ ಶುರು ಮಾಡಲಿ, ಅದರಲ್ಲಿ ಏನನ್ನು ಕೇಳಲಿ?

ಉತ್ತರ: ಮೊದಲು ಫೋನಿನ ವಿಷಯ. ಫೋನಿನ ಸ್ಪೀಕರಿನಲ್ಲಿ ಕೇಳಿದ್ದೀರಿ ಅಂದರೆ ಆ ಹಾಡಿನ ಅರ್ಧ ನಿಮಗೆ ಇನ್ನೂ ಸಿಕ್ಕೇ ಇಲ್ಲ. ಬೇಸ್ ಗಿಟಾರಿನ ಎಲ್ಲಕ್ಕಿಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಎಟುಕುವುದೇ ಇಲ್ಲ. ಅಷ್ಟಾದರೂ ನಿಮ್ಮ ಕಾಲು ಆಡಿತು ಅಂದರೆ, ಮೃದಂಗ ಕಲಿತ ಕಾಲು ಅದು, ಸುಮ್ನೆ ಬಿಡಲ್ಲ. ಒಂದು ಒಳ್ಳೆ ಹೆಡ್‌ಫೋನ್ ತಗೊಳ್ಳಿ, ಇಲ್ಲಾಂದ್ರೆ ದೊಡ್ಡ ಸ್ಪೀಕರ್ ಇರುವ ಯಾರ ಮನೆಗಾದರೂ ಹೋಗಿ.

ನನಗೂ ಹೀಗೇ ಆಗಿತ್ತು. ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಇಯರ್‌ಫೋನ್ ಸಿಕ್ಕಿಸಿಕೊಂಡು ಅಮೆರಿಕದ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’ ಕೇಳಿದ್ದೆ. ಚೆನ್ನಾಗಿದೆ ಅನ್ನಿಸಿತ್ತು, ಅಷ್ಟೇ. ಒಂದು ತಿಂಗಳಾದ ಮೇಲೆ ಬಸವನಗುಡಿಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಅವನ ಹತ್ತಿರ ಅಪ್ಪನ ಕಾಲದ ದೊಡ್ಡ ಸ್ಪೀಕರ್ ಜೋಡಿ ಇತ್ತು. ಅದೇ ಹಾಡು ಹಾಕಿದ. ನೆಲದ ಕೆಳಗೆ ಯಾರೋ ನಿಧಾನಕ್ಕೆ, ಸಮಾಧಾನವಾಗಿ ನಡೆದುಕೊಂಡು ಹೋಗುತ್ತಿದ್ದ ಹಾಗಿತ್ತು. ‘ಬೇಸ್ ನುಡಿಸ್ತಾ ಇರೋದು ಯಾರೋ?’ ಅಂತ ಕೇಳಿದೆ. ‘ಯಾರೂ ಇಲ್ಲ. ಅದೂ ಅವರೇ, ಎಡಗೈ ಮತ್ತೆ ಕಾಲು’ ಅಂದ. ನಾನು ಎದ್ದು ಹೋಗಿ ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅವತ್ತಿನಿಂದ ಈ ಸಂಗೀತವನ್ನು ನಾನು ಕೆಳಗಿನಿಂದ ಮೇಲಕ್ಕೆ ಕೇಳುತ್ತೇನೆ. ಮೊದಲು ಬೇಸ್, ಆಮೇಲೆ ಡ್ರಮ್, ಆಮೇಲೆ ಗಿಟಾರಿನ ಚೂರು, ಕೊನೆಗೆ ಹಾಡುವವರು ಮತ್ತು ಸ್ಯಾಕ್ಸೋಫೋನು. ನಿಮಗೂ ನಾನು ಹೇಳುವುದು ಇದನ್ನೇ. ಪಲ್ಲವಿ ಎಲ್ಲಿ, ಅನುಪಲ್ಲವಿ ಎಲ್ಲಿ ಅಂತ ಮೇಲೆ ಹುಡುಕಬೇಡಿ. ಈ ಸಂಗೀತ ಇರುವುದು ತಳದಲ್ಲಿ.

ಜಿಮ್ಮಿ ಸ್ಮಿತ್ ಕೂತಿದ್ದು ಹ್ಯಾಮಂಡ್ ಬಿ-3 ಅನ್ನುವ ಆರ್ಗನ್ ಮುಂದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ಸೋಲ್ ಜಾಝ್‌ನ ಹೊಟ್ಟೆ ಅದೇ. ಚರ್ಚುಗಳಲ್ಲಿ ಗೋಡೆ ತುಂಬ ಕೊಳವೆ ಇರುವ ದೊಡ್ಡ ಆರ್ಗನ್ ಇರುತ್ತದಲ್ಲ, ಅದನ್ನು ಕೊಳ್ಳಲಾಗದ ಚರ್ಚುಗಳಿಗೆ ಅಗ್ಗದಲ್ಲಿ ಸಿಗಲಿ ಅಂತ ಲಾರೆನ್ಸ್ ಹ್ಯಾಮಂಡ್ 1930ರ ದಶಕದಲ್ಲಿ ಮಾಡಿದ ಯಂತ್ರದ ಮುಂದಿನ ರೂಪ ಅದು. ಒಳಗೆ 91 ಲೋಹದ ಚಕ್ರಗಳು ಮೋಟಾರಿನಿಂದ ತಿರುಗುತ್ತವೆ. ಅಂಚಿನಲ್ಲಿ ಉಬ್ಬುತಗ್ಗು ಇರುವ ಆ ಚಕ್ರ ಕಾಂತದ ಮುಂದೆ ತಿರುಗಿದಾಗ ಸ್ವರ ಹುಟ್ಟುತ್ತದೆ. ಮುಂದೆ ಎಳೆಯುವ ಕಡ್ಡಿಗಳಿವೆ, ಒಂದು ಗುಂಪಿಗೆ ಒಂಬತ್ತು. ಹಾರ್ಮೋನಿಯಂನಲ್ಲಿ ಸ್ಟಾಪ್ ಎಳೆದು ತಳ್ಳಿ ನಾದ ಬದಲಿಸುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇಲ್ಲಿ ಪ್ರತಿ ಕಡ್ಡಿಯನ್ನೂ ಎಷ್ಟು ಬೇಕೋ ಅಷ್ಟೇ ಎಳೆಯಬಹುದು. ಕೈಗೆ ಎರಡು ಸಾಲು ಮನೆ, ಅಂದರೆ ಬೆರಳಿನಿಂದ ಒತ್ತುವ ಕೀ, ಒಂದೊಂದರಲ್ಲಿ 61. ಕಾಲಿಗೆ 25 ಪೆಡಲ್. ಪಕ್ಕದಲ್ಲಿ ಲೆಸ್ಲಿ ಅನ್ನುವ ಸ್ಪೀಕರ್ ಪೆಟ್ಟಿಗೆ ಇರುತ್ತದೆ, ಅದರೊಳಗಿನ ಕಹಳೆಯೇ ಗರಗರ ತಿರುಗುತ್ತದೆ. ಸ್ವರ ನಡುಗುವುದು, ಉಬ್ಬುವುದು, ತಣ್ಣಗಾಗುವುದು ಎಲ್ಲ ಅದರಿಂದ.

ಈ ಯಂತ್ರದಲ್ಲಿ ಒಂದು ಕೊರತೆ ಇತ್ತು. ಮನೆ ಒತ್ತಿದ ಕ್ಷಣ ‘ಟಕ್’ ಅಂತ ಸಣ್ಣ ಸದ್ದು ಬರುತ್ತಿತ್ತು. ತಯಾರಿಸಿದವರಿಗೆ ಅದು ದೋಷ. ಜಾಝ್‌ನವರಿಗೆ ಅದೇ ಬೇಕಿತ್ತು. ಆ ಟಕ್ ಇದ್ದರೆ ಆರ್ಗನ್ ಅರ್ಧ ತಾಳವಾದ್ಯ ಆಗಿಬಿಡುತ್ತದೆ. ಜಿಮ್ಮಿ ಸ್ಮಿತ್ ಫಿಲಡೆಲ್ಫಿಯಾದ ಒಂದು ಗೋದಾಮಿನಲ್ಲಿ ಆರ್ಗನ್ ಇಟ್ಟುಕೊಂಡು ತಿಂಗಳುಗಟ್ಟಲೆ ಒಬ್ಬರೇ ಸಾಧನೆ ಮಾಡಿ, 1956ರಲ್ಲಿ ಬ್ಲೂ ನೋಟ್ ಕಂಪನಿಗೆ ಮೊದಲ ರೆಕಾರ್ಡ್ ಕೊಟ್ಟರು. ಎಡಗೈಯಲ್ಲಿ ಬೇಸ್ ನಡಿಗೆ, ಕಾಲಿನಲ್ಲಿ ಅದಕ್ಕೆ ಸಣ್ಣ ಒತ್ತು, ಬಲಗೈಯಲ್ಲಿ ರಾಗ. ಬೇಸ್ ವಾದಕರೇ ಬೇಡ. ಆರ್ಗನ್, ಗಿಟಾರ್, ಡ್ರಮ್, ಇಷ್ಟಿದ್ದರೆ ಒಂದು ಬಾರ್ ತುಂಬುತ್ತಿತ್ತು. ‘ಚಿಕನ್ ಶ್ಯಾಕ್’ 1960ರಲ್ಲಿ ರೆಕಾರ್ಡ್ ಆಗಿ 1963ರಲ್ಲಿ ಹೊರಗೆ ಬಂತು. ಅದರಲ್ಲಿ ಸ್ಟಾನ್ಲಿ ಟರೆಂಟೈನ್ ಸ್ಯಾಕ್ಸೋಫೋನ್, ಕೆನಿ ಬರೆಲ್ ಗಿಟಾರ್, ಡೊನಾಲ್ಡ್ ಬೈಲಿ ಡ್ರಮ್. ಬೈಲಿ ಅವರನ್ನು ಗಮನಿಸಿ. ಇಡೀ ಹಾಡಿನಲ್ಲಿ ಅವರು ಒಂದೇ ಒಂದು ಸಲವೂ ‘ನನ್ನ ಕಡೆ ನೋಡಿ’ ಅನ್ನುವುದಿಲ್ಲ.

ಸೋಲ್ ಜಾಝ್ ಯಾಕೆ ಹುಟ್ಟಿತು ಅಂದರೆ, 1940ರ ದಶಕದಲ್ಲಿ ಬಂದ ಬೀಬಾಪ್ ಅನ್ನುವ ಜಾಝ್ ತುಂಬಾ ವೇಗ, ತುಂಬಾ ಜಟಿಲ. ಕೂತು ಕೇಳಬೇಕಿತ್ತು, ಕುಣಿಯಲು ಆಗುತ್ತಿರಲಿಲ್ಲ. ಅದರ ಬೆನ್ನಿಗೇ ಕೆಲವರು ತಮ್ಮ ಬಾಲ್ಯದ ಚರ್ಚಿನ ಹಾಡು, ಕಪ್ಪು ಜನರ ಬ್ಲೂಸ್ ಹಾಡು ಎರಡನ್ನೂ ಜಾಝ್ ಒಳಗೆ ವಾಪಸ್ ತಂದರು. ಹೊರೇಸ್ ಸಿಲ್ವರ್, ಆರ್ಟ್ ಬ್ಲೇಕಿ, ಕ್ಯಾನನ್‌ಬಾಲ್ ಆ್ಯಡರ್ಲಿ ಇವರೆಲ್ಲ ಆ ದಾರಿಯವರು. ಬ್ಲೇಕಿ ತಂಡ 1958ರಲ್ಲಿ ರೆಕಾರ್ಡ್ ಮಾಡಿದ ‘ಮೋನಿನ್’ ಹಾಕಿ. ಪಿಯಾನೋ ನುಡಿಸುತ್ತಿರುವವರು ಬಾಬಿ ಟಿಮನ್ಸ್, ರಚನೆಯೂ ಅವರದೇ. ಪಿಯಾನೋ ಒಂದು ಸಾಲು ಹೇಳುತ್ತದೆ. ಉಳಿದವರೆಲ್ಲ ಎರಡೇ ಸ್ವರದಲ್ಲಿ ಹೂಂಗುಡುತ್ತಾರೆ. ಮತ್ತೆ ಪಿಯಾನೋ, ಮತ್ತೆ ಹೂಂ. ಶನಿವಾರದ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಊರೆಲ್ಲ ಹಿಂದೆ ಹೇಳುತ್ತದಲ್ಲ, ಅದನ್ನು ಬಲ್ಲ ಕಿವಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕ್ಯಾನನ್‌ಬಾಲ್ ಅವರ ‘ಮರ್ಸಿ, ಮರ್ಸಿ, ಮರ್ಸಿ’ 1966ರದು. ಇಷ್ಟು ಚರ್ಚಿನ ವಾಸನೆ ಇರುವ ರಚನೆ ಬರೆದವರು ವಿಯೆನ್ನಾದಲ್ಲಿ ಹುಟ್ಟಿದ ಜೋ ಝಾವಿನುಲ್. ರೆಕಾರ್ಡಿನ ಮೇಲೆ ಕ್ಲಬ್ಬಿನಲ್ಲಿ ನುಡಿಸಿದ್ದು ಅಂತಿದ್ದರೂ, ಲಾಸ್ ಏಂಜಲಿಸ್‌ನ ಸ್ಟುಡಿಯೋಗೆ ಜನರನ್ನು ಕರೆದು ಕೂರಿಸಿ ಮಾಡಿದ್ದು. ಆ ಜನರ ಕೂಗು, ಚಪ್ಪಾಳೆ ಇಲ್ಲದೆ ಆ ಹಾಡು ನಿಲ್ಲುತ್ತಲೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಹೆಸರು ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ‘ವಾಟರ್‌ಮೆಲನ್ ಮ್ಯಾನ್’, 1962. ಅವರು ಚಿಕಾಗೋದಲ್ಲಿ ಹುಡುಗರಾಗಿದ್ದಾಗ ಓಣಿಯೊಳಗೆ ಕಲ್ಲಂಗಡಿ ಮಾರುವವನ ಗಾಡಿ ಬರುತ್ತಿತ್ತು. ಕಲ್ಲುಹಾಸಿನ ಮೇಲೆ ಆ ಚಕ್ರದ ಗಡಗಡ ಸದ್ದು ಅವರ ತಲೆಯಲ್ಲಿ ಉಳಿದಿತ್ತು. ಪಿಯಾನೋದ ಎಡಗೈ ಆ ಗಾಡಿ.

ಈಗ ಫಂಕ್. ಇಲ್ಲಿ ನಿಮ್ಮ ಮೃದಂಗ ನೇರವಾಗಿ ಉಪಯೋಗಕ್ಕೆ ಬರುತ್ತದೆ, ಒಂದು ಕಡೆ ಅಡ್ಡಿಯೂ ಆಗುತ್ತದೆ. ನಾಲ್ಕು ಎಣಿಕೆಯ ಸುತ್ತಿನಲ್ಲಿ ಅಮೆರಿಕದ ಜನ ಸಾಮಾನ್ಯವಾಗಿ ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ತಟ್ಟುತ್ತಾರೆ. ಗಾಯಕ ಜೇಮ್ಸ್ ಬ್ರೌನ್ 1965ರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಹೊತ್ತಿಗೆ ತೂಕವನ್ನೆಲ್ಲ ಒಂದಕ್ಕೆ ತಂದು ಹಾಕಿದರು. ಅವರ ತಂಡದವರು ಅದನ್ನು ‘ದ ವನ್’ ಅನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಸಮ. ಏನೇ ಮಾಡು, ಎಲ್ಲಿಗೇ ಹೋಗು, ಒಂದಕ್ಕೆ ಎಲ್ಲರೂ ಬಂದು ಬೀಳಬೇಕು. ವ್ಯತ್ಯಾಸ ಎಲ್ಲಿದೆ ಅಂದರೆ, ತನಿಯಲ್ಲಿ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಹೊತ್ತಿನಲ್ಲಿ, ನೀವು ಹತ್ತಾರು ಆವರ್ತ ಸುತ್ತಾಡಿ, ಕೋರ್ವೆ ಕಟ್ಟಿ, ಮುಕ್ತಾಯ ಹಾಕಿ ಎಡುಪಿಗೆ, ಹಾಡು ಎತ್ತಿಕೊಳ್ಳುವ ಜಾಗಕ್ಕೆ, ಬರುತ್ತೀರಿ. ಕೇಳುವವರು ಉಸಿರು ಹಿಡಿದು ಅದಕ್ಕೇ ಕಾಯುತ್ತಾರೆ. ಫಂಕ್‌ನಲ್ಲಿ ಆ ಕಾಯುವಿಕೆ ಇಲ್ಲ. ಪ್ರತಿ ಸುತ್ತಿಗೂ ಮನೆಗೆ ಬಂದಾಗುತ್ತದೆ. ನೀವು ಮುಕ್ತಾಯಕ್ಕೆ ಕಾದು ಕೂತರೆ ‘ಇದೇನು ಮುಂದಕ್ಕೇ ಹೋಗ್ತಿಲ್ಲ’ ಅನ್ನಿಸುತ್ತದೆ. ಆ ಕಾಯುವುದನ್ನು ಬಿಟ್ಟ ಕ್ಷಣ, ಒಂದರಿಂದ ಒಂದರ ನಡುವೆ ಎಷ್ಟೊಂದು ನಡೆಯುತ್ತಿದೆ ಅಂತ ಕಾಣುತ್ತದೆ.

ಜಾಝ್ ಮತ್ತು ಫಂಕ್ ನಡುವೆ ಗೋಡೆ ಇರಲಿಲ್ಲ ಅನ್ನುವುದಕ್ಕೆ ‘ಕೋಲ್ಡ್ ಸ್ವೆಟ್’ ಸಾಕು. ಅದು 1967ರದು. ಬ್ರೌನ್ ಜೊತೆ ಅದನ್ನು ಕಟ್ಟಿದವರು ಪೀ ವೀ ಎಲಿಸ್, ಸ್ಯಾಕ್ಸೋಫೋನ್ ನುಡಿಸುವ ಜಾಝ್ ಮನುಷ್ಯ. ಅದರ ಕೊಂಬು ವಾದ್ಯಗಳ, ಅಂದರೆ ಸ್ಯಾಕ್ಸೋಫೋನ್, ಟ್ರಂಪೆಟ್‌ನಂಥವುಗಳ, ಎರಡು ಸ್ವರದ ಮಾತನ್ನು ಅವರು ತೆಗೆದುಕೊಂಡಿದ್ದು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಸೋ ವಾಟ್’ನಿಂದ. ಎರಡನ್ನೂ ಹಿಂದೆಮುಂದೆ ಹಾಕಿ ಕೇಳಿ, ಗೊತ್ತಾಗುತ್ತದೆ.

ಆದರೆ ನಿಮಗೆ ನಾನು ಕೈ ಹಿಡಿದು ಕೂರಿಸಿ ಕೇಳಿಸಬೇಕು ಅಂದುಕೊಂಡಿರುವುದು ‘ಫಂಕಿ ಡ್ರಮ್ಮರ್’. 1969ರ ನವೆಂಬರ್, ಸಿನ್ಸಿನಾಟಿಯ ಕಿಂಗ್ ಸ್ಟುಡಿಯೋ. ಡ್ರಮ್ ಮುಂದೆ ಕ್ಲೈಡ್ ಸ್ಟಬಲ್‌ಫೀಲ್ಡ್. ಚಟ್ಟನೂಗಾ ಊರಿನವರು. ಅಲ್ಲಿನ ಕಾರ್ಖಾನೆಗಳ ಸದ್ದು, ರೈಲಿನ ಸದ್ದು ಕೇಳಿ ಬೆಳೆದೆ, ನನ್ನ ತಾಳ ಅಲ್ಲಿಂದ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಹಾಡಿನ ಕೊನೆಯ ಹತ್ತಿರ ಬ್ರೌನ್ ಬೇರೆಯವರನ್ನೆಲ್ಲ ನಿಲ್ಲಿಸುತ್ತಾರೆ. ಡ್ರಮ್ಮರ್‌ಗೆ ಮಾತ್ರ ‘ನೀನು ಸೋಲೋ ಹೊಡೆಯಬೇಡ, ಏನು ನುಡಿಸ್ತಾ ಇದ್ದೀಯೋ ಅದನ್ನೇ ಇಟ್ಟುಕೋ’ ಅನ್ನುವ ಅರ್ಥದ ಮಾತು ಹೇಳಿ, ನಾಲ್ಕು ಎಣಿಸಿ ಬಿಟ್ಟುಬಿಡುತ್ತಾರೆ. ಆಮೇಲಿನ ಸುಮಾರು ಇಪ್ಪತ್ತು ಸೆಕೆಂಡ್ ಡ್ರಮ್ ಒಂದೇ.

ಆ ಇಪ್ಪತ್ತು ಸೆಕೆಂಡಿಗೆ ಬಾಯಲ್ಲಿ ‘ತಕಧಿಮಿ’ ನಾಲ್ಕು ಸಲ ಹೇಳಿಕೊಳ್ಳಿ. ಹದಿನಾರು ಅಕ್ಷರ, ಒಂದು ಸುತ್ತು. ಬಲಗೈ ಹೈ-ಹ್ಯಾಟ್ ಮೇಲೆ, ಅಂದರೆ ಕಾಲಿನಲ್ಲಿ ಒತ್ತಿ ಹಿಡಿಯುವ ಜೋಡಿ ತಟ್ಟೆಯ ಮೇಲೆ, ಆ ಹದಿನಾರನ್ನೂ ಹೇಳುತ್ತಾ ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಕಡೆ ತಟ್ಟೆ ಸ್ವಲ್ಪವೇ ಬಾಯಿ ತೆರೆದು ‘ಸ್ಸ್’ ಅನ್ನುತ್ತದೆ. ಎಡಗೈ ಸ್ನೇರ್ ಅನ್ನುವ ಚಿಕ್ಕ ಡ್ರಮ್ ಮೇಲೆ ಎರಡಕ್ಕೆ, ನಾಲ್ಕಕ್ಕೆ ಗಟ್ಟಿಯಾಗಿ ಹೊಡೆಯುತ್ತದೆ. ಅದು ಎಲ್ಲರಿಗೂ ಕೇಳುತ್ತದೆ. ಆ ಎರಡು ಗಟ್ಟಿ ಪೆಟ್ಟಿನ ನಡುವೆ ಎಡಗೈ ಸುಮ್ಮನಿರುವುದಿಲ್ಲ. ಕಡ್ಡಿ ಚರ್ಮಕ್ಕೆ ಬರೀ ತಾಗಿ ಬರುತ್ತದೆ, ಉಸಿರಿನಷ್ಟೇ ಸದ್ದು. ಡ್ರಮ್ ನುಡಿಸುವವರು ಅದನ್ನು ಗೋಸ್ಟ್ ನೋಟ್ ಅನ್ನುತ್ತಾರೆ, ದೆವ್ವದ ಪೆಟ್ಟು. ನಿಮ್ಮ ಮೇಷ್ಟ್ರು ಮೃದಂಗದಲ್ಲಿ ಮುಖ್ಯ ಪೆಟ್ಟುಗಳ ಮಧ್ಯೆ ಬೆರಳಾಡಿಸಿ ತುಂಬುತ್ತಿದ್ದರಲ್ಲ, ದೂರದಲ್ಲಿ ಕೂತವರಿಗೆ ಅದು ಕೇಳುತ್ತಿರಲಿಲ್ಲ, ಆದರೆ ಅದಿಲ್ಲದಿದ್ದರೆ ನಡೆ ಒಣಗುತ್ತಿತ್ತು, ಅಲ್ವಾ? ಇದೂ ಅದೇ. ಆ ಪೆಟ್ಟುಗಳನ್ನು ತೆಗೆದು ಅದೇ ತಾಳ ಬಾರಿಸಿ ನೋಡಿ, ಮಾರ್ಚಿಂಗ್ ಬ್ಯಾಂಡ್ ಆಗಿಬಿಡುತ್ತದೆ.

ಹಿಪ್-ಹಾಪ್ ಕಾಲದಲ್ಲಿ ಆ ಇಪ್ಪತ್ತು ಸೆಕೆಂಡನ್ನು ಕತ್ತರಿಸಿ ಸಾವಿರಕ್ಕೂ ಹೆಚ್ಚು ಹಾಡುಗಳಿಗೆ ಅಂಟಿಸಿದರು. ಪಬ್ಲಿಕ್ ಎನಿಮಿ ಅನ್ನುವ ತಂಡದ ‘ಫೈಟ್ ದ ಪವರ್’ ಅದರಲ್ಲಿ ಒಂದು. ರಚನೆಯ ಹಕ್ಕು ಸ್ಟಬಲ್‌ಫೀಲ್ಡ್ ಹೆಸರಿನಲ್ಲಿ ಇರಲಿಲ್ಲ, ಹಾಗಾಗಿ ರಾಯಲ್ಟಿ ಅವರ ಕೈ ಸೇರಲಿಲ್ಲ. 2017ರಲ್ಲಿ ಅವರು ತೀರಿಕೊಂಡರು. ರಾಗ ಕಟ್ಟಿದವರಿಗೆ ಹಕ್ಕು, ಪದ ಬರೆದವರಿಗೆ ಹಕ್ಕು, ತಾಳ ಕಟ್ಟಿದವರಿಗೆ ಇಲ್ಲ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ. ಆ ಹಾಡನ್ನು ಯಾರಿಗಾದರೂ ಕೇಳಿಸುವಾಗ ಜೇಮ್ಸ್ ಬ್ರೌನ್ ಹೆಸರಿಗಿಂತ ಮೊದಲು ನಾನು ಅವರ ಹೆಸರು ಹೇಳುತ್ತೇನೆ.

ಫಂಕ್‌ನಲ್ಲಿ ಇನ್ನೂ ಬೇಕಾದಷ್ಟಿದೆ. ನ್ಯೂ ಆರ್ಲಿಯನ್ಸ್‌ನ ದ ಮೀಟರ್ಸ್ ತಂಡದ 1969ರ ‘ಸಿಸ್ಸಿ ಸ್ಟ್ರಟ್’ ಮೂರೇ ನಿಮಿಷ, ಬರೀ ನಾಲ್ಕು ಜನ, ಒಂದು ಸ್ವರವೂ ಜಾಸ್ತಿ ಇಲ್ಲ. ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ತಂಡದ ಲ್ಯಾರಿ ಗ್ರಹಾಂ ಅವರ ಕಥೆ ಚೆನ್ನಾಗಿದೆ. ಚಿಕ್ಕವರಿದ್ದಾಗ ಅವರು ಅಮ್ಮನ ತಂಡದಲ್ಲಿ ಬೇಸ್ ನುಡಿಸುತ್ತಿದ್ದರು. ಒಂದು ಹಂತದಲ್ಲಿ ಆ ತಂಡಕ್ಕೆ ಡ್ರಮ್ಮರ್ ಇಲ್ಲದ ಹಾಗಾಯಿತು. ಡ್ರಮ್ಮಿನ ಪೆಟ್ಟು ತುಂಬಿಸಲು ಅವರು ಹೆಬ್ಬೆರಳಿನಿಂದ ತಂತಿ ಗುದ್ದಿ, ಇನ್ನೊಂದು ಬೆರಳಿನಿಂದ ತಂತಿ ಎಳೆದು ಬಿಡಲು ಶುರು ಮಾಡಿದರು. ಇವತ್ತು ಜಗತ್ತಿನ ತುಂಬ ಬೇಸ್ ನುಡಿಸುವ ಹುಡುಗರು ಕಲಿಯುವ ‘ಸ್ಲ್ಯಾಪ್’ ಅಲ್ಲಿಂದ ಬಂತು.

ಈಗ ನಿಮ್ಮ ಫೆಲಾ. ‘ಅಮೆರಿಕದಿಂದ ಆಫ್ರಿಕಾಕ್ಕೆ ಹೋಯಿತು’ ಅಂತ ಒಂದೇ ಸಾಲಿನಲ್ಲಿ ಹೇಳುವವರ ಮಾತು ನಂಬಬೇಡಿ. ದಾರಿ ಎರಡೂ ಕಡೆಗಿತ್ತು. ಫೆಲಾ 1938ರಲ್ಲಿ ಅಬೆಯೊಕುಟಾದಲ್ಲಿ ಹುಟ್ಟಿದವರು. 1958ರಲ್ಲಿ ಲಂಡನ್ನಿಗೆ ಹೋಗಿ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತ ಓದಿದರು. ವಾಪಸ್ ಬಂದು ಜಾಝ್ ಮತ್ತು ಪಶ್ಚಿಮ ಆಫ್ರಿಕಾದ ಹೈಲೈಫ್ ಅನ್ನುವ ಕುಣಿತದ ಸಂಗೀತ ಎರಡನ್ನೂ ಬೆರೆಸಿ ನುಡಿಸುತ್ತಿದ್ದರು. 1969ರಲ್ಲಿ ತಂಡದ ಜೊತೆ ಅಮೆರಿಕಕ್ಕೆ ಹೋದಾಗ ಲಾಸ್ ಏಂಜಲಿಸ್‌ನಲ್ಲಿ ಸಾಂಡ್ರಾ ಇಝಡೋರ್ ಪರಿಚಯವಾದರು. ಕಪ್ಪು ಜನರ ಹೋರಾಟದ ಪುಸ್ತಕಗಳನ್ನು ಅವರ ಕೈಗಿಟ್ಟವರು ಆಕೆ. ಊರಿಗೆ ಮರಳಿದ ಮೇಲೆ ಹಾಡಿನ ಮಾತೂ ಬದಲಾಯಿತು, ತಾಳವೂ ಗಟ್ಟಿಯಾಯಿತು.

ತಾಳ ಗಟ್ಟಿ ಮಾಡಿದವರು ಫೆಲಾ ತಂಡದ ಡ್ರಮ್ಮರ್ ಟೋನಿ ಅಲೆನ್. ಲಾಗೋಸಿನಲ್ಲಿ ರೇಡಿಯೋ ಸ್ಟೇಷನ್ನಿನ ತಂತ್ರಜ್ಞರಾಗಿದ್ದವರು. ಅಮೆರಿಕದ ಜಾಝ್ ಡ್ರಮ್ಮರ್‌ಗಳಾದ ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್ ಇವರ ರೆಕಾರ್ಡ್ ಕೇಳಿ ಕೇಳಿ ಡ್ರಮ್ ಕಲಿತರು. ಹೈ-ಹ್ಯಾಟ್ ಹೇಗೆ ಬಳಸಬೇಕು ಅಂತ ಮ್ಯಾಕ್ಸ್ ರೋಚ್ ಒಂದು ಅಮೆರಿಕನ್ ಪತ್ರಿಕೆಯಲ್ಲಿ ಬರೆದಿದ್ದನ್ನು ಓದಿ ಅಭ್ಯಾಸ ಮಾಡಿದರು. ನೋಡಿ, ಮೊದಲು ಹೇಳಿದ ‘ಮೋನಿನ್’ನ ಡ್ರಮ್ಮರ್ ಲಾಗೋಸಿನ ಹುಡುಗನಿಗೆ ದೂರದ ಮೇಷ್ಟ್ರು. ಆ ಬ್ಲೇಕಿಯೇ 1940ರ ದಶಕದ ಕೊನೆಗೆ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಬಂದವರು. 1970ರಲ್ಲಿ ಜೇಮ್ಸ್ ಬ್ರೌನ್ ನೈಜೀರಿಯಾಕ್ಕೆ ಬಂದಾಗ ಅವರ ತಂಡದವರು, ಬೇಸ್ ನುಡಿಸುವ ಬೂಟ್ಸಿ ಕಾಲಿನ್ಸ್ ಕೂಡ, ಫೆಲಾ ಕ್ಲಬ್ಬಿಗೆ ಹೋಗಿ ಕೂತರು. ಟೋನಿ ಅಲೆನ್ ಆಮೇಲೆ ನೆನಪು ಮಾಡಿಕೊಂಡ ಪ್ರಕಾರ, ಬ್ರೌನ್ ಕಡೆಯವರೊಬ್ಬರು ಇವರ ಪಕ್ಕದಲ್ಲೇ ನಿಂತು ಕೈ ಹೇಗೆ ಹೋಗುತ್ತದೆ, ಕಾಲು ಹೇಗೆ ಹೋಗುತ್ತದೆ ಅಂತ ನೋಡಿ ಬರೆದುಕೊಳ್ಳುತ್ತಿದ್ದರಂತೆ.

ಫೆಲಾ ಮತ್ತು ಅಲೆನ್ ಕಟ್ಟಿದ ಈ ಸಂಗೀತಕ್ಕೆ ಆಫ್ರೋಬೀಟ್ ಅಂತ ಹೆಸರು. ಫಂಕ್‌ಗೂ ಆಫ್ರೋಬೀಟ್‌ಗೂ ಇರುವ ವ್ಯತ್ಯಾಸ ಕಾಲಿನಲ್ಲಿದೆ. ಬ್ರೌನ್ ತಂಡದ ಡ್ರಮ್ ‘ಒಂದು’ ಎಲ್ಲಿದೆ ಅಂತ ನಿಮಗೆ ತೋರಿಸಿಯೇ ತೋರಿಸುತ್ತದೆ. ಟೋನಿ ಅಲೆನ್ ಎಷ್ಟೋ ಸಲ ಅದನ್ನು ಬರೀ ಸೂಚಿಸಿ ಬಿಡುತ್ತಾರೆ. ದೊಡ್ಡ ಡ್ರಮ್ಮಿನ ಕಾಲು ಜಾಗ ಬಿಟ್ಟು ಜಾಗ ಮಾತಾಡುತ್ತದೆ. ಎರಡು ಕೈ, ಎರಡು ಕಾಲು, ನಾಲ್ಕೂ ಬೇರೆ ಬೇರೆ ಮಾತು. ಯಾವುದೂ ಗಟ್ಟಿ ಅಲ್ಲ. ನಿಮ್ಮ ಮೃದಂಗದ ಎಡಮುಖ ತೊಪ್ಪಿ ಮತ್ತು ಬಲಮುಖ ಬಲಂತಲೆ ಎರಡೂ ಒಂದೇ ಮಾತಾಡದೆ ಒಂದಕ್ಕೊಂದು ಉತ್ತರ ಕೊಡುವುದನ್ನು ನಾಲ್ಕು ಮುಖಕ್ಕೆ ಹಂಚಿದಂತೆ. ಅದರ ಮೇಲೆ ಷೆಕೆರೆ, ಸೋರೆಬುರುಡೆಗೆ ಮಣಿಗಳ ಬಲೆ ಹೆಣೆದಿರುವ ವಾದ್ಯ, ಒಂದೇ ಸಮನೆ ಗಲಗಲ. ಕಡ್ಡಿ ಕಟಕಟ. ಒಂದು ಗಿಟಾರ್ ನಾಲ್ಕೈದು ಸ್ವರವನ್ನು ಇಡೀ ಹಾಡಿನಲ್ಲಿ ಬದಲಿಸುವುದೇ ಇಲ್ಲ. ಇನ್ನೊಂದು ಗಿಟಾರ್ ಅದರ ಸಂದಿಯಲ್ಲಿ ಬೇರೆ ನಾಲ್ಕೈದು ಸ್ವರ. ಬೇಸ್ ಎರಡರ ಸಂದಿಯಲ್ಲಿ. ತನಿಯಲ್ಲಿ ಮೃದಂಗ, ಘಟ, ಖಂಜಿರ ಸರದಿಯ ಮೇಲೆ ನುಡಿಸುತ್ತವೆ. ಇಲ್ಲಿ ಸರದಿ ಇಲ್ಲ. ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರೂ ಒಂದು ಚೂರು ಮಾತ್ರ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಕಾಲಿಡುತ್ತಾರೆ. ಹನ್ನೆರಡು ನಿಮಿಷವೂ ನಿಮ್ಮ ಕಾಲು ನಿಲ್ಲದಿರುವುದು ಇದಕ್ಕೇ. ಪ್ರತಿ ಸುತ್ತಿನಲ್ಲೂ ನಿಮ್ಮ ಕಿವಿ ಬೇರೆ ಬೇರೆಯವರ ಕೈ ಹಿಡಿದುಕೊಂಡು ಸುತ್ತು ಬರುತ್ತದೆ, ಹಾಗಾಗಿ ಸುತ್ತು ಒಂದೇ ಆದರೂ ಕೇಳಿದ್ದು ಒಂದೇ ಅಲ್ಲ.

ನೀವು ಕೇಳಿದ ‘ಝಾಂಬಿ’ 1976ರದು. ಹೇಳಿದ್ದನ್ನಷ್ಟೇ ಮಾಡುವ ಸೈನಿಕರನ್ನು ಅಣಕಿಸುವ ಹಾಡು. 1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸೈನಿಕರು ಫೆಲಾ ಮನೆಗೆ ನುಗ್ಗಿದರು. ಮನೆ ಸುಟ್ಟರು, ಜನರನ್ನು ಹೊಡೆದರು. ಅವರ ತಾಯಿ ಫುನ್ಮಿಲಾಯೊ ರ‍್ಯಾನ್ಸಮ್-ಕುಟಿ ಅವರನ್ನು ಮಹಡಿಯ ಕಿಟಕಿಯಿಂದ ಎಸೆದರು. ಆಕೆ ಅಬೆಯೊಕುಟಾದ ಹೆಂಗಸರನ್ನು ಒಟ್ಟುಗೂಡಿಸಿ ಬ್ರಿಟಿಷ್ ಕಾಲದ ತೆರಿಗೆಯ ವಿರುದ್ಧ ನಿಂತಿದ್ದ ನಾಯಕಿ. ಮರುವರ್ಷ ಆಕೆ ತೀರಿಕೊಂಡರು. ಮುಂದಿನ ಸಲ ಆ ಹಾಡು ಕೇಳುವಾಗ ಇದು ತಲೆಯಲ್ಲಿರಲಿ. ಆದರೆ ಫೆಲಾ ಹಾಡುಗಳಲ್ಲಿ ನಾನಾದರೆ ನಿಮಗೆ ಮೊದಲು ಕೇಳಿಸುತ್ತಿದ್ದದ್ದು 1975ರ ‘ವಾಟರ್ ನೋ ಗೆಟ್ ಎನಿಮಿ’. ನೀರಿಗೆ ಶತ್ರುವಿಲ್ಲ ಅನ್ನುವ ಯೊರುಬಾ ಗಾದೆ ಅದು. ನಡಿಗೆ ನಿಧಾನ, ಪಿಯಾನೋ ಇದೆ, ಕೊಂಬು ವಾದ್ಯಗಳ ಸಾಲು ಒಂದು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಸೋಲ್ ಜಾಝ್ ಕೇಳಿ ಬಂದ ಕಿವಿಗೆ ಇದು ಪಕ್ಕದ ಬೀದಿ.

ಆಫ್ರಿಕಾ ಅಂದರೆ ಫೆಲಾ ಒಬ್ಬರೇ ಅಲ್ಲ, ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ದಕ್ಷಿಣ ಆಫ್ರಿಕಾದ ಹ್ಯೂ ಮಸಕೇಲಾ ಅವರ ‘ಗ್ರೇಝಿಂಗ್ ಇನ್ ದ ಗ್ರಾಸ್’ 1968ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಎಮ್ಮೆ ಕೊರಳಿನ ಗಂಟೆಯಂಥ ಸದ್ದಿನಿಂದ ಶುರುವಾಗುತ್ತದೆ, ಮೂರು ನಿಮಿಷವೂ ಇಲ್ಲ. ಕ್ಯಾಮರೂನಿನ ಮಾನು ದಿಬಾಂಗೊ 1972ರಲ್ಲಿ ‘ಸೋಲ್ ಮಕೋಸಾ’ ಮಾಡಿದರು. ಫುಟ್‌ಬಾಲ್ ಪಂದ್ಯಾವಳಿಗೆ ಬರೆದ ಹಾಡಿನ ಹಿಂದಿನ ಬದಿಯಲ್ಲಿದ್ದದ್ದು ಅದು. ನ್ಯೂಯಾರ್ಕಿನ ಒಬ್ಬ ಡಿಜೆ ಕೈಗೆ ಸಿಕ್ಕಿ ಊರೆಲ್ಲ ಹಬ್ಬಿತು. ಮೈಕಲ್ ಜಾಕ್ಸನ್ 1982ರ ‘ಥ್ರಿಲ್ಲರ್’ ಆಲ್ಬಂನ ಮೊದಲ ಹಾಡಿನ ಕೊನೆಗೆ ‘ಮಮಾಸೆ ಮಮಾಸಾ’ ಅಂತಾರಲ್ಲ, ಅದರ ಮೂಲ ಇಲ್ಲಿದೆ. 1974ರ ಸೆಪ್ಟೆಂಬರಿನಲ್ಲಿ ಕಿನ್ಶಾಸಾದಲ್ಲಿ ಮೂರು ದಿನದ ಸಂಗೀತೋತ್ಸವ ಆಯಿತು. ಮಹಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ನಡುವಿನ ಬಾಕ್ಸಿಂಗ್ ಜೊತೆಗೇ ಆಗಬೇಕಿತ್ತು, ಫೋರ್‌ಮನ್‌ಗೆ ಗಾಯವಾಗಿ ಪಂದ್ಯ ಮುಂದಕ್ಕೆ ಹೋಯಿತು, ಸಂಗೀತ ಮಾತ್ರ ನಡೆಯಿತು. ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್, ಮಿರಿಯಂ ಮಕೇಬಾ, ಸೀಲಿಯಾ ಕ್ರೂಝ್ ಎಲ್ಲ ಒಂದೇ ವೇದಿಕೆಗೆ ಬಂದರು ಅಂದರೆ ಊಹಿಸಿಕೊಳ್ಳಿ.

ಇಥಿಯೋಪಿಯಾ ಮಾತ್ರ ನಿಮಗಾಗಿ ಬೇರೆಯಾಗಿ ಎತ್ತಿಟ್ಟಿದ್ದೇನೆ. ಮುಲಾಟು ಅಸ್ತಾಟ್ಕೆ 1943ರಲ್ಲಿ ಜಿಮ್ಮಾದಲ್ಲಿ ಹುಟ್ಟಿದವರು. ಬ್ರಿಟನ್ನಿನಲ್ಲಿ ಓದಿ, ಬಾಸ್ಟನ್ನಿನ ಬರ್ಕ್ಲಿ ಕಾಲೇಜಿಗೆ ಹೋದರು, ಅಲ್ಲಿ ಓದಿದ ಮೊದಲ ಆಫ್ರಿಕನ್ ವಿದ್ಯಾರ್ಥಿ ಅವರು. ಇಥಿಯೋಪಿಯಾದ ಹಾಡುಗಳು ಐದು ಸ್ವರದ ಮೇಳಗಳ ಮೇಲೆ ನಿಂತಿವೆ. ಅದರಲ್ಲಿ ಒಂದು ಟಿಝಿಟಾ. ಆ ಪದಕ್ಕೆ ಅಮ್ಹಾರಿಕ್ ಭಾಷೆಯಲ್ಲಿ ನೆನಪು, ಹಳಹಳಿ ಅಂತ ಅರ್ಥ. ಅದರ ಒಂದು ರೂಪದ ಸ್ವರಗಳು ಸ ರಿ ಗ ಪ ದ. ನಿಮ್ಮ ಮೋಹನದ ಸ್ವರಗಳೇ! ಸ್ವರ ಒಂದೇ ಆದಮಾತ್ರಕ್ಕೆ ಮೋಹನ ಆಗುವುದಿಲ್ಲ, ಗಮಕ ಬೇರೆ, ನಿಲ್ಲುವ ಜಾಗ ಬೇರೆ, ಅದು ನಿಮಗೇ ಗೊತ್ತು. ಆದರೆ ಕಿವಿಗೆ ಒಂದು ಪರಿಚಯದ ಮುಖ ಸಿಗುತ್ತದೆ. ಮುಲಾಟು ಆ ಐದು ಸ್ವರದ ಕೆಳಗೆ ಜಾಝ್‌ನ ಸ್ವರಮೇಳ ಇಟ್ಟರು, ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಾಫೋನ್ ಇಟ್ಟರು, ಬೇಸ್ ಫಂಕ್ ಮಾಡಿತು. ‘ಇಥಿಯೋಪಿಕ್ಸ್’ ಸರಣಿಯ ನಾಲ್ಕನೇ ಸಂಪುಟ ಹುಡುಕಿ. ಅದರಲ್ಲಿ ‘ಯೆಕೆರ್ಮೊ ಸೆವ್’ ಇದೆ. ಅದನ್ನು ಕೇಳಿ, ಬೆನ್ನಿಗೇ ಹೊರೇಸ್ ಸಿಲ್ವರ್ 1964ರಲ್ಲಿ ನುಡಿಸಿದ ‘ಸಾಂಗ್ ಫಾರ್ ಮೈ ಫಾದರ್’ ಹಾಕಿ. ಹೋಲಿಕೆ ತಾನಾಗಿ ಕಿವಿಗೆ ಬೀಳುತ್ತದೆ. ಆ ಸಿಲ್ವರ್ ಅವರ ತಂದೆ ಆಫ್ರಿಕಾದ ಪಕ್ಕದ ಕೇಪ್ ವರ್ಡ್ ದ್ವೀಪದಿಂದ ಅಮೆರಿಕಕ್ಕೆ ಬಂದವರು, ರೆಕಾರ್ಡಿನ ಹೊದಿಕೆಯ ಮೇಲೆ ಟೋಪಿ ಹಾಕಿಕೊಂಡು ಕೂತಿರುವವರು ಅವರೇ. ದಾರಿ ಎರಡೂ ಕಡೆಗಿತ್ತು ಅಂದೆನಲ್ಲ.

ಹೀಗೆ ಬೇರೆಯವರ ತಾಳದ ಜೊತೆ ಕೂತು ನುಡಿಸುವುದು ನಮ್ಮವರಿಗೂ ಹೊಸದಲ್ಲ. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಅನ್ನುವ ರೆಕಾರ್ಡ್ ಮಾಡಿದೆ. ಫಂಕ್ ಅಲ್ಲ ಅದು, ಆದರೆ ಮೃದಂಗ ಬಲ್ಲವರು ಜಾಝ್ ಒಳಗೆ ಕಾಲಿಡಲು ಒಳ್ಳೆ ಮೆಟ್ಟಿಲು.

ಕ್ರಮ ಕೇಳಿದ್ದೀರಿ. ಅಕ್ಕನ ಮಗ ಹೇಳಿದ ಕ್ರಮ ಸರಿಯಾಗಿಯೇ ಇದೆ, ಆದರೆ ಒಂದೇ ವಾರದಲ್ಲಿ ಮುಗಿಸಬೇಡಿ. ‘ಚಿಕನ್ ಶ್ಯಾಕ್’ ಮತ್ತು ‘ಮೋನಿನ್’ ಒಂದು ವಾರ ಇಟ್ಟುಕೊಳ್ಳಿ. ಆಮೇಲೆ ‘ಕೋಲ್ಡ್ ಸ್ವೆಟ್’, ‘ಫಂಕಿ ಡ್ರಮ್ಮರ್’, ‘ಸಿಸ್ಸಿ ಸ್ಟ್ರಟ್’. ಆಮೇಲೆ ನೀರಿನ ಹಾಡು. ಅದನ್ನು ಒಂದು ಸಲ ಷೆಕೆರೆ ಮಾತ್ರ ಹಿಡಿದು ಕೇಳಿ, ಇನ್ನೊಂದು ಸಲ ಬೇಸ್ ಮಾತ್ರ, ಮತ್ತೊಂದು ಸಲ ಟೋನಿ ಅಲೆನ್ ಕಾಲು ಮಾತ್ರ. ಕೈಯಲ್ಲಿ ತಾಳ ಹಾಕಿಕೊಂಡೇ ಕೇಳಿ. ನಿಮ್ಮ ಸಮ ಮೊದಲ ಸಲ ತಪ್ಪುತ್ತದೆ, ಮೂರನೇ ಸಲಕ್ಕೆ ಕೂರುತ್ತದೆ.

ಅದೆಲ್ಲ ಆದ ಮೇಲೆ ಬರೆದಿಟ್ಟುಕೊಂಡ ‘ವಾಟರ್‌ಮೆಲನ್ ಮ್ಯಾನ್’ ತೆಗೆಯಿರಿ. 1962ರದ್ದು ಒಂದು ಸಲ ಕೇಳಿ. ಆಮೇಲೆ ಅದೇ ಹರ್ಬಿ ಹ್ಯಾನ್‌ಕಾಕ್ 1973ರಲ್ಲಿ ‘ಹೆಡ್ ಹಂಟರ್ಸ್’ ಆಲ್ಬಂನಲ್ಲಿ ಅದೇ ಟ್ಯೂನನ್ನು ಮತ್ತೆ ಮಾಡಿದ್ದಾರೆ, ಅದನ್ನು ಹಾಕಿ. ಸೋಲ್ ಜಾಝ್ ಆಗಿದ್ದದ್ದು ಫಂಕ್ ಆಗಿದೆ. ಶುರುವಿನಲ್ಲಿ ಪಿಯಾನೋ ಇಲ್ಲ, ಗಾಡಿಯ ಗಡಗಡ ಇಲ್ಲ. ಪೀಪಿಯ ಒಂದು ಸ್ವರ, ಬಾಯಿಯ ಒಂದು ಕೂಗು, ಮತ್ತೆ ಪೀಪಿ, ಮತ್ತೆ ಕೂಗು, ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. ಅದು ಪೀಪಿ ಅಲ್ಲ. ತಾಳವಾದ್ಯಗಾರ ಬಿಲ್ ಸಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದುತ್ತಿರುವುದು. ಅವರು ಅದನ್ನು ಕಲಿತದ್ದು ಮಧ್ಯ ಆಫ್ರಿಕಾದ ಕಾಡಿನ ಬಾ-ಬೆಂಝೆಲೆ ಜನರ ಹಿಂಡೆವೂ ಅನ್ನುವ ನುಡಿಸುವ ಕ್ರಮದಿಂದ. ಒಂದೇ ಸ್ವರದ ಸಣ್ಣ ಕೊಳವೆ, ಅದರ ನಡುವೆ ನುಡಿಸುವವರದೇ ಕೊರಳು. ಸಿಮ್ಹಾ ಅರೋಮ್ ಅನ್ನುವ ಸಂಶೋಧಕರು ಅದನ್ನು ರೆಕಾರ್ಡ್ ಮಾಡಿದ್ದರು, 1966ರಲ್ಲಿ ಹೊರಬಂತು. ‘ಹೆಡ್ ಹಂಟರ್ಸ್’ ಆ ಕಾಲದ ಜಾಝ್ ರೆಕಾರ್ಡುಗಳಲ್ಲೇ ಭರ್ಜರಿಯಾಗಿ ಮಾರಾಟವಾದದ್ದು. ರಚನೆಯ ಹೆಸರಿನಲ್ಲಿ ಇರುವುದು ಹ್ಯಾನ್‌ಕಾಕ್ ಒಬ್ಬರೇ.

ಆ ಕಾಡಿನ ರೆಕಾರ್ಡಿಂಗ್ ಈಗ ಹುಡುಕಿದರೆ ಸಿಗುತ್ತದೆ. ನನ್ನ ಮಾತು ಕೇಳುವುದಾದರೆ 1973ರ ಹಾಡಿಗಿಂತ ಮೊದಲು ಅದನ್ನೇ ಕೇಳಿ. ಮೊದಲು ಕೊಳವೆ, ಆಮೇಲೆ ಬಾಟಲಿ.